ಕೋರಿ ಮೀನು ಮಂಕಾಯಿತು ಅಂತ ಹೆಸರಿಲ್ಲದ ಔಷಧಿ ಸುರಿಯಬೇಡಿ

ತುಮಕೂರು ಕಡೆ ಮನೆಯ ಗಾಜಿನ ಟ್ಯಾಂಕಿನಲ್ಲಿ ಕೋರಿ ಕ್ಯಾಟ್‌ಫಿಶ್ (ತಳದಲ್ಲಿ ಓಡಾಡುವ ಪುಟ್ಟ ಮೀಸೆ ಮೀನು) ಸಾಕುತ್ತಿರುವವರಿಗೆ ಒಂದು ಮಾತು. ಮೀನು ಹುಷಾರಿಲ್ಲ ಅಂತ ಅಂಗಡಿಗೆ ಹೋದರೆ ಕೈಗೊಂದು ಪುಟ್ಟ ಬಾಟಲಿ ಕೊಡುತ್ತಾರೆ. ಮೇಲೆ ಔಷಧಿ ಹೆಸರಿಲ್ಲ, ಎಷ್ಟು ಲೀಟರಿಗೆ ಎಷ್ಟು ಅಂತ ಇಲ್ಲ, ತಾರೀಖೂ ಇಲ್ಲ. ದೊಡ್ಡ ಕ್ಯಾನಿನಿಂದ ಬಗ್ಗಿಸಿ ಕೊಟ್ಟಿದ್ದು. ಅದನ್ನು ತಂದು ಟ್ಯಾಂಕಿಗೆ ಹಾಕಬೇಡಿ. ನಮ್ಮ ಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೋರಿಗಳು ಅದರಿಂದಲೇ ಹೋದವು.

ನಮ್ಮದು ಎರಡು ಅಡಿ ಟ್ಯಾಂಕ್. ಕಂಚಿನ ಬಣ್ಣದ ಕೋರಿಗಳ ಒಂದು ಗುಂಪು, ಜೊತೆಗೆ ಸ್ವಲ್ಪ ಟೆಟ್ರಾ ಮೀನು. ತಳದಲ್ಲಿ ಅದೇ ಅಂಗಡಿಯವರು ಕೊಟ್ಟ ಬಣ್ಣದ ಜಲ್ಲಿ. ಒಂದು ಸಂಜೆ ಮುಂದಿನ ಗಾಜಿನ ಹತ್ತಿರ ಬಂದ ಕೋರಿಯ ಮುಖ ನೋಡಿದರೆ ಮೀಸೆಯೇ ಇರಲಿಲ್ಲ. ಬಾಯಿಯ ಎರಡು ಕಡೆ ಮೊಂಡು ತುದಿ ಮಾತ್ರ, ಅದರ ಬುಡದಲ್ಲಿ ಕೆಂಪು. ಕೋರಿ ಮೀಸೆಯಿಂದ ತಳ ತಡಕಿ ಊಟ ಹುಡುಕುವ ಮೀನು. ಮೀಸೆ ಹೋದರೆ ಅದರ ಪಾಡು ಕಷ್ಟ.

ಅಂಗಡಿಯವರಿಗೆ ಫೋಟೋ ತೋರಿಸಿದೆವು. "ಫಂಗಸ್ ಸಾರ್. ಈ ಹಸಿರು ಹತ್ತು ಡ್ರಾಪ್ ಹಾಕಿ, ಒಂದು ಹಿಡಿ ಕಲ್ಲುಪ್ಪು ಹಾಕಿ. ಬಗ್ಗಲಿಲ್ಲ ಅಂದ್ರೆ ಈ ನೀಲಿನೂ ಹಾಕಿ" ಅಂದರು. ಟ್ಯಾಂಕ್ ಎಷ್ಟು ಲೀಟರ್ ಅಂತ ಕೇಳಲಿಲ್ಲ. ನೀರು ಯಾವುದು ಅಂತಲೂ ಕೇಳಲಿಲ್ಲ.

ಹಸಿರು ಬಿದ್ದ ರಾತ್ರಿಯೇ ಮೀನುಗಳ ಕಿವಿರು ಪಟಪಟ ಬಡಿಯತೊಡಗಿತು. ಮೇಲೆ ಹೋಗುವುದು, ಬಾಯಿ ತೆರೆಯುವುದು, ಕೆಳಗೆ ಬಿದ್ದು ಪಕ್ಕಕ್ಕೆ ವಾಲುವುದು. ಇಲ್ಲೊಂದು ವಿಷಯ ಗೊತ್ತಿರಲಿ. ಕೋರಿ ಆಗೊಮ್ಮೆ ಈಗೊಮ್ಮೆ ಸರ್ರನೆ ಮೇಲೆ ಹೋಗಿ ಗಾಳಿ ನುಂಗಿ ಬರುವುದು ಮಾಮೂಲು. ಅದಕ್ಕೆ ಕರುಳಿನಲ್ಲೂ ಗಾಳಿ ಹೀರಿಕೊಳ್ಳುವ ಶಕ್ತಿ ಇದೆ. ಮೇಲಿಂದ ಮೇಲೆ ಹೋಗುತ್ತಲೇ ಇದ್ದರೆ ಮಾತ್ರ ನೀರಿನಲ್ಲಿ ಏನೋ ಕೆಟ್ಟಿದೆ ಅಂತ ತಿಳಿಯಿರಿ. ಬೆಳಿಗ್ಗೆ ನೋಡಿದರೆ ಕೆಲವು ಹೊಟ್ಟೆ ಮೇಲಾಗಿದ್ದವು.

ಆ ಹಸಿರು ಬಹುಶಃ ಮ್ಯಾಲಕೈಟ್ ಗ್ರೀನ್. ಬಣ್ಣ ನೋಡಿ ಹೇಳುತ್ತಿದ್ದೇನೆ ಅಷ್ಟೇ, ಲೇಬಲ್ ಇಲ್ಲದ ಮೇಲೆ ಇನ್ನೇನು ಹೇಳೋದು? ಕೋರಿಗೆ ಬೇರೆ ಮೀನುಗಳ ಹಾಗೆ ಸ್ಕೇಲ್ (ಮೈಮೇಲಿನ ಹುರುಪೆ) ಇಲ್ಲ. ಪಕ್ಕಗಳಲ್ಲಿ ಎರಡು ಸಾಲು ಗಟ್ಟಿ ತಗಡಿನಂಥ ಮೂಳೆ ಇರುತ್ತೆ, ಹೊಟ್ಟೆ ಬರೀ ಚರ್ಮ. ಮ್ಯಾಲಕೈಟ್ ಗ್ರೀನ್, ತಾಮ್ರ ಇರುವ ಔಷಧಿ, ಜಾಸ್ತಿ ಉಪ್ಪು ಇವು ಯಾವುದನ್ನೂ ಅದು ಮಾಲಿ ಮೀನಿನ ಹಾಗೆ ತಡೆದುಕೊಳ್ಳುವುದಿಲ್ಲ. ಲೆಕ್ಕದಲ್ಲೂ ಎಡವಟ್ಟಾಗುತ್ತೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಅಂದರೆ ಲೆಕ್ಕಕ್ಕೆ 56 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ಉಳಿಯುವುದು 45ರ ಆಸುಪಾಸು. 56ಕ್ಕೆ ಅಂತ ಹಾಕಿದ್ದು ಆಗಲೇ ಹೆಚ್ಚಾಯಿತು.

ಎರಡನೇ ಹೊಡೆತ ಇನ್ನೂ ಕೆಟ್ಟದ್ದು. ಆಮೇಲೆ ಹಾಕಿದ ನೀಲಿ ಬಹುಶಃ ಮೆಥಿಲೀನ್ ಬ್ಲೂ. ಅದು ಫಿಲ್ಟರ್ ಸ್ಪಂಜಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಅವೇ. ಅವು ಸತ್ತ ಮೇಲೆ ಫಿಲ್ಟರ್ ಓಡುತ್ತಿದ್ದರೂ ಬರೀ ನೀರು ತಿರುಗಿಸುತ್ತೆ. ಮೊದಲ ಸುತ್ತಿನಲ್ಲಿ ಬದುಕಿದ್ದ ಮೀನುಗಳ ಹೊಟ್ಟೆ ಕೆಂಪಾಗತೊಡಗಿತು. ಆಮೇಲೆ ತರಿಸಿದ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ನೋಡಿದರೆ ಹಳದಿ ಇರಬೇಕಾದ ನೀರು ಗಾಢ ಹಸಿರು. ನಮ್ಮದು ಬೋರ್ ನೀರು, ಪಿಎಚ್ 8ರ ಹತ್ತಿರ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ.

ಅಂಗಡಿಯವರನ್ನು ಕೇಳಿದ್ದಕ್ಕೆ "ಬೇರೆಯವರಿಗೆಲ್ಲ ಸರಿಯಾಗಿದೆ ಸಾರ್, ನಿಮ್ಮ ನೀರೇ ಸರಿಯಿಲ್ಲ" ಅಂದರು. ನೀರು ಸರಿಯಿಲ್ಲ ಅನ್ನುವುದು ನಿಜವೇ. ಹಾಗಾದರೆ ಮೊದಲ ದಿನವೇ ನೀರು ನೋಡಬೇಕಿತ್ತು, ಅಲ್ವಾ? ಮೀಸೆ ಸವೆಯುವುದಕ್ಕೆ ಬಹಳ ಸಲ ಕಾರಣ ಚೂಪು ಜಲ್ಲಿ ಮತ್ತು ಅದರ ಸಂದಿಯಲ್ಲಿ ಕೊಳೆಯುವ ಊಟ. ಅದಕ್ಕೆ ಯಾವ ಡ್ರಾಪ್ ಏನು ಮಾಡುತ್ತೆ?

ಉಳಿದ ನಾಲ್ಕು ಬದುಕಿದ್ದು ಔಷಧಿ ನಿಲ್ಲಿಸಿದ ಮೇಲೆ. ಗುಬ್ಬಿಯ ಗೆಳೆಯರೊಬ್ಬರು ತಮ್ಮ ಹಳೇ ಟ್ಯಾಂಕಿನ ಫಿಲ್ಟರ್‌ನಿಂದ ಸ್ಪಂಜಿನ ತುಂಡು ಕತ್ತರಿಸಿ ಅದೇ ನೀರಿನಲ್ಲಿ ಮುಳುಗಿಸಿ ಕೊಟ್ಟರು. ಅಗಲವಾದ ಪ್ಲಾಸ್ಟಿಕ್ ಟಬ್, ಏರ್ ಪಂಪ್, ಆ ಸ್ಪಂಜು, ದಿನಾ ಮೂರರಲ್ಲೊಂದು ಪಾಲು ಹೊಸ ನೀರು. ಅಷ್ಟೇ ಚಿಕಿತ್ಸೆ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹಾಕದೆ ಬಳಸಬೇಡಿ. ಬುಡ ಉಳಿದಿದ್ದ ಮೀಸೆಗಳು ನಿಧಾನವಾಗಿ ಬೆಳೆದವು, ಬುಡ ಹೋದದ್ದು ಬರಲಿಲ್ಲ.

ಜಲ್ಲಿ ತೆಗೆದು ನುಣ್ಣನೆ ಹೊಳೆ ಮರಳು ಹಾಕಿದ್ದೇವೆ. ಮನೆ ಕಟ್ಟಲು ತಂದ ಎಂ-ಸ್ಯಾಂಡ್ ಉಳಿದಿದೆ ಅಂತ ಅದನ್ನು ಹಾಕಬೇಡಿ. ಅದು ಪುಡಿ ಮಾಡಿದ ಕಲ್ಲು, ಅಂಗೈಯಲ್ಲಿ ಉಜ್ಜಿದರೆ ಚುಚ್ಚುತ್ತೆ. ಊಟಕ್ಕೆ ಮುಳುಗುವ ಪೆಲೆಟ್ ಹಾಕಿ, ಅದೂ ರಾತ್ರಿ ಲೈಟ್ ಆರಿಸಿದ ಮೇಲೆ. ಕೋರಿ ಮಿಕ್ಕಿದ್ದು ತಿಂದು ಬದುಕುತ್ತೆ, ಗಲೀಜು ತಿನ್ನುತ್ತೆ ಅನ್ನುವುದೆಲ್ಲ ಸುಳ್ಳು.

ನಿಜವಾಗಿಯೂ ಔಷಧಿ ಬೇಕಾಗುವ ಕಾಯಿಲೆ ಇಲ್ಲ ಅಂತಲ್ಲ. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದರೆ ಅದು ವೈಟ್ ಸ್ಪಾಟ್, ಔಷಧಿ ಬೇಕೇ ಬೇಕು. ಆಗಲೂ ಹೆಸರು, ಪ್ರಮಾಣ ಅಚ್ಚಾಗಿರುವ ಬಾಟಲಿಯನ್ನೇ ಕೊಳ್ಳಿ. ಸ್ಕೇಲ್ ಇಲ್ಲದ ಮೀನಿಗೆ ಅರ್ಧ ಡೋಸ್ ಅಂತ ಬರೆದಿದ್ದರೆ ಕೋರಿಗೂ ಅರ್ಧವೇ. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ, ಅದು ಔಷಧಿಯನ್ನೆಲ್ಲ ಹೀರಿಬಿಡುತ್ತೆ. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬೇಡಿ. ಚರ್ಮದೊಳಗಿರುವ ಹುಳುವಿಗೆ ಔಷಧಿ ತಾಗುವುದಿಲ್ಲ. ಅದು ಉದುರಿ, ಮರಿಯಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತೆ.

ಬೆಂಗಳೂರಿನಿಂದ ಕೋರಿ ತರುವವರೂ ನೋಡಿ. ಬಸ್ಸಿನಲ್ಲಿ ಕುಲುಕಾಡಿ ಗಾಬರಿಯಾದ ಕೋರಿ ವಿಷ ಬಿಡುವುದುಂಟು. ಕವರಿನ ನೀರಿನಲ್ಲಿ ನೊರೆ ಕಂಡರೆ ಮೀನುಗಳನ್ನು ತಕ್ಷಣ ಬೇರೆ ನೀರಿಗೆ ಹಾಕಿ. ಆ ಕವರಿನ ನೀರು ಟ್ಯಾಂಕಿಗೆ ಒಂದು ಲೋಟದಷ್ಟೂ ಬೀಳಬಾರದು. ಎತ್ತಲು ಬಲೆಗಿಂತ ಪ್ಲಾಸ್ಟಿಕ್ ಡಬ್ಬಿ ವಾಸಿ, ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ನಿಮ್ಮ ಬೆರಳಿಗೂ ಚುಚ್ಚುತ್ತೆ.