ಕೊಯ್ಲಿನ ಮೈನೋವಿಗೆ ಯಾವ ಮಸಾಜ್?

ರೋಬಸ್ಟಾ ಕಾಫಿ ಕೊಯ್ಲು ಮುಗಿಸಿ ಬೆನ್ನು, ಭುಜ ಹಿಡಿದುಕೊಂಡಿವೆ, ಅಭ್ಯಂಗವೋ ಸ್ವೀಡಿಷ್ಷೋ ಡೀಪ್ ಟಿಶ್ಯೂವೋ ಎಂದು ಕೇಳಿದ್ದೀರಿ. ಮೊದಲು ನೋವು ಎಲ್ಲಿದೆ ನೋಡಿಕೊಳ್ಳಿ.

ಭುಜದ ಒಂದೇ ಕಡೆ ಗಂಟು ಕಟ್ಟಿದಂತಿದ್ದರೆ ಡೀಪ್ ಟಿಶ್ಯೂ ಸರಿ. ನಿಧಾನವಾಗಿ, ಬಲವಾಗಿ ಒತ್ತುತ್ತಾರೆ. ಒಂದೆರಡು ದಿನ ಮೈ ನೋಯಬಹುದು, ಮರುದಿನವೇ ತೋಟದ ಕೆಲಸ ಇಟ್ಟುಕೊಳ್ಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಲೇಬಾರದು.

ಇಡೀ ಮೈ ದಣಿದು ನಿದ್ದೆ ಬಾರದಿದ್ದರೆ ಸ್ವೀಡಿಷ್ ಹಿತ. ಉದ್ದುದ್ದ ನೀವುವ, ಹಗುರವಾಗಿ ನಾದುವ ಕ್ರಮ. ಮೊದಲ ಸಲದವರಿಗೂ ಭಯವಿಲ್ಲ.

ಖರ್ಚು ನೋಡಿದರೆ ಅಭ್ಯಂಗವೇ ಹಗುರ. ಮಡಿಕೇರಿಯ ರೆಸಾರ್ಟಿಗೇ ಹೋಗಬೇಕಿಲ್ಲ, ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹುಯ್ದುಕೊಂಡರಾಯಿತು. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಥಂಡಿಗೆ ಬಿಗಿಯುವ ಮೈಗೆ, ವಯಸ್ಸಾದವರ ಮಂಡಿಗೆ ನಾನು ಹೇಳುವುದು ಇದನ್ನೇ. ಜ್ವರ, ಅಜೀರ್ಣ ಇದ್ದ ದಿನ ಮಾತ್ರ ಆಯುರ್ವೇದವೂ ಬೇಡ ಎನ್ನುತ್ತದೆ.

ನೋವು ಕಾಲಿಗೆ ಇಳಿದು ಜೋಮು ಹಿಡಿಯುತ್ತಿದ್ದರೆ ಮೂರೂ ಬೇಡ, ದಯವಿಟ್ಟು ಮೊದಲು ಆಸ್ಪತ್ರೆಗೆ ಹೋಗಿ.