ಎನ್‌ಸಿಸಿಯೋ, ಎನ್‌ಎಸ್‌ಎಸ್ಸೋ: ಹೆಸರು ಕೊಡುವ ಮೊದಲು ಬಸ್ಸಿನ ಹೊತ್ತು ನೋಡಿ

ಡಿಗ್ರಿ ತರಗತಿ ಶುರುವಾದ ಎರಡು ಮೂರು ವಾರದಲ್ಲೇ ನೋಟಿಸ್ ಬೋರ್ಡಿಗೆ ನಾಲ್ಕು ಕರೆ ಬೀಳುತ್ತವೆ: ಸೇನಾ ಮಾದರಿಯ ತರಬೇತಿ ಕೊಡುವ ಎನ್‌ಸಿಸಿ, ಸಮಾಜಸೇವೆಯ ಎನ್‌ಎಸ್‌ಎಸ್, ಸ್ಕೌಟ್-ಗೈಡ್‌ನ ಕಾಲೇಜು ಹಂತವಾದ ರೋವರ್ಸ್-ರೇಂಜರ್ಸ್, ಯೂತ್ ರೆಡ್ ಕ್ರಾಸ್. ನಮ್ಮ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೆಚ್ಚಾಗಿ ಸಿಗುವುದು ಇವೇ. ಬಹಳ ಮಂದಿ ಗೆಳೆಯರು ಎಲ್ಲಿ ಸೇರಿದರೋ ಅಲ್ಲೇ ಸೇರಿಬಿಡುತ್ತಾರೆ. ನಾಲ್ಕನ್ನೂ ಒಳಗಿದ್ದು ಕಂಡ ನಾವು ಹೇಳುವುದಿಷ್ಟು: ಸರ್ಟಿಫಿಕೇಟಿನ ಬೆಲೆ ಲೆಕ್ಕ ಹಾಕುವ ಮೊದಲು ವಾರದಲ್ಲಿ ನಿಮ್ಮ ಕೈಗೆ ಸಿಗುವ ಗಂಟೆಗಳನ್ನು ಲೆಕ್ಕ ಹಾಕಿ. ಎನ್‌ಸಿಸಿ ಮತ್ತು ಎನ್‌ಎಸ್‌ಎಸ್ ಎರಡರಲ್ಲೂ ಒಟ್ಟಿಗೆ ಇರುವಂತಿಲ್ಲ, ಆದ್ದರಿಂದ ಮೊದಲ ಆಯ್ಕೆಯೇ ಸರಿಯಾಗಬೇಕು.

ಅತಿ ಹೆಚ್ಚು ಸಮಯ ಕೇಳುವುದು ಎನ್‌ಸಿಸಿ. 1948ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಶಿಸ್ತಿನಲ್ಲಿ ರಿಯಾಯಿತಿ ಇಲ್ಲ. ಹಾಜರಿ ಶೇ. 75 ಇರಲೇಬೇಕು. ಎರಡು ವರ್ಷಕ್ಕೆ ‘ಬಿ’ ಸರ್ಟಿಫಿಕೇಟಿನ ಪರೀಕ್ಷೆ, ಮೂರನೇ ವರ್ಷ ‘ಸಿ’ ಸರ್ಟಿಫಿಕೇಟಿನದು. ಅಂದರೆ ಮೊದಲ ವರ್ಷವೇ ಸೇರದಿದ್ದರೆ ಡಿಗ್ರಿ ಮುಗಿಯುವಷ್ಟರಲ್ಲಿ ‘ಸಿ’ ಕೈಗೆ ಸಿಗುವುದಿಲ್ಲ. ‘ಸಿ’ಯಲ್ಲಿ ಕನಿಷ್ಠ ಬಿ ಗ್ರೇಡ್ ಮತ್ತು ಪದವಿಯಲ್ಲಿ ಶೇ. 50 ಅಂಕ ಇದ್ದವರಿಗೆ ಸೇನೆಯ ಎನ್‌ಸಿಸಿ ವಿಶೇಷ ಪ್ರವೇಶ ತೆರೆದಿದೆ: ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಅಧಿಕಾರಿಯಾಗಬೇಕು ಎಂದು ನಿಜವಾಗಿ ಆಸೆ ಇರುವವರು ಬೇರೆ ಯಾವುದರ ಬಗ್ಗೆಯೂ ಯೋಚಿಸಬೇಕಿಲ್ಲ.

ಮೊದಲ ತಿಂಗಳು ತೊಡಕಾಗುವುದು ಭಾಷೆ. ಆದೇಶಗಳೆಲ್ಲ ಹಿಂದಿಯಲ್ಲಿ. ‘ದಾಹಿನೇ ಮುಡ್’ ಎಂದರೆ ಬಲಕ್ಕೆ, ‘ಬಾಯೇಂ ಮುಡ್’ ಎಂದರೆ ಎಡಕ್ಕೆ. ಮನೆಯಲ್ಲೇ ನಾಲ್ಕು ದಿನ ಹೇಳಿಕೊಂಡು ತಿರುಗಿದರೆ ಕಾಲು ತಾನಾಗಿ ಕಲಿಯುತ್ತದೆ. ಎರಡನೆಯದು ಬಿಸಿಲಲ್ಲಿ ತಲೆಸುತ್ತು ಬಂದು ಬೀಳುವುದು. ಮಂಡಿಯನ್ನು ಗಟ್ಟಿಯಾಗಿ ಬಿಗಿದು ಅಲುಗಾಡದೆ ನಿಂತರೆ ರಕ್ತ ಕಾಲಿನಲ್ಲೇ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ. ‘ಸಾವಧಾನ್’ ಎಂಬ ಆದೇಶಕ್ಕೆ ನೆಟ್ಟಗೆ ನಿಂತಾಗಲೂ ಬೂಟಿನೊಳಗೆ ಕಾಲ್ಬೆರಳು ಮಡಚಿ ಬಿಚ್ಚುತ್ತಿರಿ, ಹೊರಗೆ ಯಾರಿಗೂ ಕಾಣುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಪರೇಡಿಗೆ ಬರಲೇಬೇಡಿ. ಬೆಳಗಿನ ಪರೇಡಿಗೆ ಮೊದಲ ಬಸ್ಸೇ ತಡವಾಗಿ ತಲುಪುವ ಊರು ನಿಮ್ಮದಾದರೆ ಹಾಸ್ಟೆಲ್ ಸಿಗುವವರೆಗೆ ಎನ್‌ಸಿಸಿ ಕಷ್ಟ.

ಅಂಥವರಿಗೆ ಎನ್‌ಎಸ್‌ಎಸ್ ಒಳ್ಳೆಯದು. ಗಾಂಧಿ ಶತಮಾನೋತ್ಸವದ 1969ರಲ್ಲಿ ಶುರುವಾದ ಯೋಜನೆ ಇದು. ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಕೆಲಸ ಹೆಚ್ಚಾಗಿ ಕಾಲೇಜಿನ ಸುತ್ತಮುತ್ತ ಮತ್ತು ದತ್ತು ಪಡೆದ ಹಳ್ಳಿಯಲ್ಲಿ, ಹಾಗಾಗಿ ಸಂಜೆ ಬಸ್ಸು ತಪ್ಪುವುದಿಲ್ಲ. ಆದರೆ ಘಟಕದಿಂದ ಘಟಕಕ್ಕೆ ಇಷ್ಟು ವ್ಯತ್ಯಾಸ ಬೇರೆಲ್ಲೂ ಇಲ್ಲ. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಮುಗಿಸುವ ಶಿಬಿರವೂ ಇದೆ, ಊರಿನವರು ಮತ್ತೆ ಕರೆಯುವ ಶಿಬಿರವೂ ಇದೆ.

ವ್ಯತ್ಯಾಸ ಶುರುವಾಗುವುದು ಹಾರೆ ಗುದ್ದಲಿಯಿಂದ. 50 ಮಂದಿಯ ಶಿಬಿರಕ್ಕೆ ಐದು ಗುದ್ದಲಿ ತಂದರೆ ಹೆಚ್ಚಿನವರು ಸುಮ್ಮನೆ ನಿಲ್ಲುತ್ತಾರೆ. ಐವರಿಗೊಂದು ಗುಂಪು ಮಾಡಿ: ಇಬ್ಬರು ಅಗೆಯಲು, ಒಬ್ಬರು ಸಲಿಕೆಯಲ್ಲಿ ತುಂಬಲು, ಇಬ್ಬರು ಬಾಣಲಿ ಹೊರಲು. ಗುಂಪಿಗೆ ಎರಡು ಗುದ್ದಲಿ, ಒಂದು ಸಲಿಕೆ, ಎರಡು ಬಾಣಲಿ. ಊರಿನ ಮನೆಗಳಿಂದ ಎರವಲು ತಂದರೆ ಹಿಡಿಯ ಮೇಲೆ ಮನೆಯವರ ಹೆಸರು ಬರೆದು ಅಂಟಿಸಿ, ಇಲ್ಲದಿದ್ದರೆ ಕೊನೆಯ ದಿನ ಜಗಳ ಖಂಡಿತ. ಆರು ಬೆಳಗ್ಗೆಯಲ್ಲಿ ಮುಗಿಯುವ ಕೆಲಸವನ್ನೇ ಹಿಡಿಯಿರಿ: ಶಾಲೆಯ ಚರಂಡಿ, ಬಾವಿಕಟ್ಟೆಯ ಸುತ್ತ, ಸಣ್ಣ ಕಲ್ಯಾಣಿಯ ಹೂಳು. ಕಾಂಗ್ರೆಸ್ ಹುಲ್ಲು ಕೀಳುವುದಾದರೆ ಹೂ ಬಿಡುವ ಮೊದಲು, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಬೇರು ಸಮೇತ ಕೀಳಬೇಕು. ಬೀಜ ಕಟ್ಟಿದ ಮೇಲೆ ಕಿತ್ತು ಎಳೆದಾಡಿದರೆ ನೀವೇ ಬಿತ್ತನೆ ಮಾಡಿದ ಹಾಗೆ. ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯ. ಆ ಗಿಡ ಚರ್ಮ ಕೆರೆತಕ್ಕೂ ಉಬ್ಬಸಕ್ಕೂ ಕಾರಣ.

ಅಡುಗೆಯ ಲೆಕ್ಕವೂ ತಪ್ಪುವುದು ಇಲ್ಲೇ. ಶ್ರಮದಾನ ಮಾಡಿ ಬಂದ 50 ಮಂದಿಗೆ ಮಧ್ಯಾಹ್ನಕ್ಕೆ 6ರಿಂದ 7 ಕೆ.ಜಿ. ಅಕ್ಕಿ, 2 ಕೆ.ಜಿ. ತೊಗರಿಬೇಳೆ ಬೇಕು, ಮನೆಯ ಅಳತೆಯಲ್ಲಿ 5 ಕೆ.ಜಿ. ಹಾಕಿದರೆ ಕೊನೆಯ ಪಂಕ್ತಿಗೆ ಅನ್ನ ಇರುವುದಿಲ್ಲ.

ರೋವರ್ಸ್-ರೇಂಜರ್ಸ್ ಚಿಕ್ಕ ತಂಡ. ಹೈಸ್ಕೂಲಿನಲ್ಲಿ ಸ್ಕೌಟ್ ಅಥವಾ ಗೈಡ್ ಆಗಿದ್ದವರಿಗೆ ಸಲೀಸು. ಪ್ರವೀಣ, ನಿಪುಣ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂದು ಮೆಟ್ಟಿಲುಗಳಿವೆ. ಕೈಕೆಲಸ ಕಲಿಸುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಹಗ್ಗದ ಎರಡು ತುದಿ ಸೇರಿಸಿ ಕಟ್ಟುವ ರೀಫ್ ಗಂಟು ಒಂದನ್ನೇ ನೋಡಿ: ಎರಡನೇ ಸುತ್ತನ್ನು ಮೊದಲಿನ ದಿಕ್ಕಿಗೇ ಹಾಕಿದರೆ ತುದಿಗಳು ಅಡ್ಡಡ್ಡ ಚಾಚುತ್ತವೆ, ಎಳೆದರೆ ಜಾರುತ್ತದೆ. ಎದುರು ದಿಕ್ಕಿಗೆ ಹಾಕಿದರೆ ಚಪ್ಪಟೆಯಾಗಿ ಕೂರುತ್ತದೆ.

ಯೂತ್ ರೆಡ್ ಕ್ರಾಸ್ ಕೇಳುವ ಸಮಯ ಎಲ್ಲಕ್ಕಿಂತ ಕಡಿಮೆ. ಪ್ರಥಮ ಚಿಕಿತ್ಸೆ ತರಬೇತಿ, ರಕ್ತದಾನ ಶಿಬಿರ, ಅಷ್ಟೇ. ಆದರೆ ಕಲಿತದ್ದು ಮರುದಿನವೇ ಉಪಯೋಗಕ್ಕೆ ಬರುತ್ತದೆ. ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಇಲ್ಲಿ ಹೆಣ್ಣುಮಕ್ಕಳಲ್ಲಿ ಅನೇಕರು ವಾಪಸ್ ಹೋಗುತ್ತಾರೆ. ಅವರನ್ನು ಹಾಗೇ ಕಳಿಸಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಶಿಬಿರದಿಂದ ಆಗುವ ಅತಿ ದೊಡ್ಡ ಉಪಕಾರ ಅದೇ ಎಂದು ನಮ್ಮ ಅನಿಸಿಕೆ.

ಯಾವುದಕ್ಕೇ ಹೆಸರು ಕೊಡಿ, ಘಟಕದ ಅಧಿಕಾರಿಯ ಬಳಿ ಹೋದ ವರ್ಷದ ಹಾಜರಿ ಪುಸ್ತಕ ತೋರಿಸಿ ಎಂದು ಕೇಳಿ. ವಾರವಾರ ತುಂಬಿದ ಪುಸ್ತಕವಾದರೆ ಧೈರ್ಯವಾಗಿ ಸೇರಿ. ಸೇರಿದ ಮೇಲೆ ನಿಮ್ಮ ಡೈರಿಗೂ ಕೆಲಸವಾದ ದಿನವೇ ಸಹಿ ಹಾಕಿಸಿಕೊಳ್ಳಿ. ಎರಡನೇ ವರ್ಷದ ಕೊನೆಗೆ ಅಧಿಕಾರಿ ವರ್ಗವಾಗಿ ಹೋದರೆ ಆ ಗಂಟೆಗಳಿಗೆ ಬೇರೆ ಸಾಕ್ಷಿ ಇರುವುದಿಲ್ಲ.