ಕಲಬುರಗಿ ಬಿಸಿಲಿಗೆ ಸಾವಿರ ವ್ಯಾಟ್: ಕೋರ್ಸೇರ್ ಆರ್‌ಎಂ1000ಎಕ್ಸ್ ಯಾಕೆ ತಗೊಂಡೆವು

ದೊಡ್ಡ ಗೇಮಿಂಗ್ ಪಿಸಿಗೆ ಎಷ್ಟು ವ್ಯಾಟ್‌ನ ಪವರ್ ಸಪ್ಲೈ (ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಭಾಗ) ಬೇಕು ಅಂತ ಎಲ್ಲರೂ ಕೇಳುತ್ತಾರೆ. ಆ ವ್ಯಾಟ್ ಎಷ್ಟು ಡಿಗ್ರಿ ಬಿಸಿಯವರೆಗೆ ಸಿಗುತ್ತದೆ ಅಂತ ಕೇಳುವವರು ತೀರಾ ಕಡಿಮೆ. ಬೆಂಗಳೂರಲ್ಲಿ ಕೂತವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡಲ್ಲ. ಮೇ ತಿಂಗಳಲ್ಲಿ 42–43 ಡಿಗ್ರಿ ಸುಡುವ ಕಲಬುರಗಿಯಲ್ಲಿ ಮಾತ್ರ ಮೊದಲು ಕೇಳಬೇಕಾದ್ದೇ ಇದು. ಕೋರ್ಸೇರ್ ಕಂಪನಿಯ ಸಾವಿರ ವ್ಯಾಟ್ ಸಪ್ಲೈ ಆರ್‌ಎಂ1000ಎಕ್ಸ್‌ನ 2024ರ ಮಾಡೆಲ್ ತಗೊಂಡು ಒಂದು ಪೂರ್ತಿ ಬೇಸಿಗೆ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಷಿನ್ ನಮ್ಮ ಕಾಕಾನ ಮಗನದು. ಹಗಲು ಮನೆಯಿಂದಲೇ ತ್ರೀಡಿ ರೆಂಡರಿಂಗ್ ಕೆಲಸ ಮಾಡುತ್ತಾನೆ, ರಾತ್ರಿ ಗೇಮ್. ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್, ರೈಜನ್ 7 9800ಎಕ್ಸ್3ಡಿ ಪ್ರೊಸೆಸರ್. ಕಾರ್ಡ್ ಒಂದೇ 575 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್ ಜೋರಾಗಿ ಓಡಿದರೆ 162ರವರೆಗೆ ಹೋಗುತ್ತದೆ. ಮದರ್‌ಬೋರ್ಡ್, ರ್ಯಾಮ್, ಎಸ್‌ಎಸ್‌ಡಿ, ಪಂಪ್, ಫ್ಯಾನ್ ಎಲ್ಲಾ ಸೇರಿಸಿ ಇನ್ನೊಂದು ನೂರು ಹಿಡಿಯಿರಿ. ಒಟ್ಟು 840ರ ಆಸುಪಾಸು. ಈ ಕಾರ್ಡಿನ ಕಂಪನಿ ಎನ್ವಿಡಿಯಾದವರೇ ಇದಕ್ಕೆ ಸಾವಿರ ವ್ಯಾಟ್ ಸಪ್ಲೈ ಹಾಕಿ ಅನ್ನುತ್ತಾರೆ. ಅಲ್ಲಿಗೆ ಲೆಕ್ಕ ಮುಗೀತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಮುಗಿಯಲ್ಲ.

ಸ್ಟೇಷನ್ ರೋಡ್ ಕಡೆ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಅಲ್ಲಿದ್ದ ಹುಡುಗ, "ಸಾವಿರ ವ್ಯಾಟ್ ಅಂದ್ರ ಎಲ್ಲಾ ಒಂದೇ ರೀ ಅಣ್ಣಾ, ಯಾವ್ದು ಬೇಕಾದ್ರೂ ತಗೋರಿ" ಅಂದ. ಒಳ್ಳೆಯ ಹುಡುಗ, ಸುಳ್ಳು ಹೇಳಿ ಮಾರುವವನಲ್ಲ. ಆದರೆ ಆ ಮಾತು ಸರಿಯಲ್ಲ. ಕಂಪನಿಯ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಆಪರೇಟಿಂಗ್ ಟೆಂಪರೇಚರ್ ಅಂತ ಒಂದು ಸಾಲು ಇರುತ್ತದೆ, ಅದನ್ನು ಹುಡುಕಿ ಓದಿ. ಕೆಲವು ಸಪ್ಲೈಗಳು 50 ಡಿಗ್ರಿಯಲ್ಲೂ ಪೂರ್ತಿ ವ್ಯಾಟ್ ಕೊಡುತ್ತವೆ. ಕೆಲವು 40 ಡಿಗ್ರಿವರೆಗೆ ಮಾತ್ರ ಪೂರ್ತಿ ಕೊಟ್ಟು, ಅಲ್ಲಿಂದ ಮುಂದೆ ಇಳಿಯುತ್ತಾ ಹೋಗುತ್ತವೆ. ಸೀಸಾನಿಕ್ ಕಂಪನಿಯ ಫೋಕಸ್ ಜಿಎಕ್ಸ್ ಸಾಲಿನ ಸಪ್ಲೈಗಳ ಹಾಳೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: 40 ಡಿಗ್ರಿವರೆಗೆ 100%, 40ರಿಂದ 50ಕ್ಕೆ ಹೋಗುವಾಗ 80%ಕ್ಕೆ ಇಳಿಕೆ. ಅದು ಕೆಟ್ಟ ಸಪ್ಲೈ ಅಲ್ಲವೇ ಅಲ್ಲ, ಹತ್ತು ವರ್ಷ ವಾರಂಟಿ ಇರುವ ಗಟ್ಟಿ ಮಾಲು, ನನ್ನ ಸ್ನೇಹಿತನ ಮಷಿನ್‌ನಲ್ಲಿ ಚೆನ್ನಾಗೇ ಓಡುತ್ತಿದೆ. ಆದರೆ ನಮ್ಮ ಲೆಕ್ಕಕ್ಕೆ ಹಚ್ಚಿ ನೋಡಿ. ಸಾವಿರದ 80% ಅಂದರೆ 800. ನಮಗೆ ಬೇಕಾಗಿದ್ದು 840. ಏಸಿ ಇಲ್ಲದ ರೂಮು, ಮೇಲೆ ಕಾದ ಆರ್‌ಸಿಸಿ, ಸಪ್ಲೈ ಒಳಗೆ ಹೋಗುವ ಗಾಳಿಯೇ 43 ಡಿಗ್ರಿ. ಪೂರ್ತಿ 20% ಇಳಿಯದಿದ್ದರೂ ಉಳಿಯುವ ಅಂತರ ತೀರಾ ಸಣ್ಣದು. ಆರ್‌ಎಂ1000ಎಕ್ಸ್ ಹಾಳೆಯಲ್ಲಿ 50 ಡಿಗ್ರಿ ಅಂತಿದೆ. ಮುಖ್ಯವಾಗಿ ಅದಕ್ಕೇ ಅದನ್ನು ತಗೊಂಡೆವು.

ಸಪ್ಲೈ ಎಷ್ಟು ಕಡಿಮೆ ಕರೆಂಟ್ ಪೋಲು ಮಾಡುತ್ತದೆ ಅಂತ ಹೇಳುವ ಗೋಲ್ಡ್, ಪ್ಲಾಟಿನಂ ದರ್ಜೆ ಬೇರೆ ವಿಷಯ. 80 ಪ್ಲಸ್ ಗೋಲ್ಡ್ ಬಿಲ್ಲೆ ಸಿಗಬೇಕಾದರೆ 230 ವೋಲ್ಟ್‌ನಲ್ಲಿ, ಅರ್ಧ ಲೋಡ್ ಇದ್ದಾಗ 92% ಎಫಿಶಿಯನ್ಸಿ ಇರಬೇಕು. ಅಂದರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ 8% ಬಿಸಿಯಾಗಿ ಹೋಗುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯಲ್ಲಿ. ನಮ್ಮಲ್ಲಿ ಆ ಹವೆ ಡಿಸೆಂಬರ್ ಬೆಳಗ್ಗೆ ಮಾತ್ರ ಸಿಗುತ್ತದೆ. ಹಾಗಾಗಿ ಬಿಲ್ಲೆ ನೋಡಿ ಬಿಸಿ ತಡೆಯುತ್ತದೆ ಅಂತ ತಿಳಿಯಬೇಡಿ. ಆರ್‌ಎಂ1000ಎಕ್ಸ್‌ಗೆ ಇರುವುದು ಸೈಬೆನೆಟಿಕ್ಸ್ ಗೋಲ್ಡ್ (80 ಪ್ಲಸ್ ಥರದ್ದೇ ಇನ್ನೊಂದು ಸಂಸ್ಥೆಯ ಬಿಲ್ಲೆ), ಮನೆ ಬಳಕೆಗೆ ಬೇಕಾದಷ್ಟಾಯ್ತು. ಪ್ಲಾಟಿನಂಗೆ ಜಾಸ್ತಿ ದುಡ್ಡು ಕೊಡುವ ಬದಲು ಆ ದುಡ್ಡಲ್ಲಿ ಒಂದು ಒಳ್ಳೆ ಯುಪಿಎಸ್‌ಗೆ ಅಡ್ವಾನ್ಸ್ ಕೊಡಿ.

ಹಾಂ, ಲೇಬಲ್ ಓದುವುದನ್ನೂ ಕಲಿಯಿರಿ. ಡಬ್ಬದ ಮೇಲಿನ ದೊಡ್ಡ ನಂಬರ್ ಬಿಟ್ಟು, ಸಪ್ಲೈ ಮೈಮೇಲಿನ ಸ್ಟಿಕ್ಕರ್‌ನಲ್ಲಿ +12ವಿ ಅಂತ ಇರುವ ಕಡೆ ನೋಡಿ. ಇದರಲ್ಲಿ 83.3 ಆಂಪಿಯರ್ ಅಂತಿದೆ, 12ರಿಂದ ಗುಣಿಸಿದರೆ ಹೆಚ್ಚುಕಡಿಮೆ ಸಾವಿರ. ಇವತ್ತಿನ ಕಾರ್ಡು, ಪ್ರೊಸೆಸರ್ ಎರಡೂ ಕರೆಂಟ್ ಎಳೆಯುವುದು ಈ 12 ವೋಲ್ಟ್‌ನಿಂದಲೇ. ಹೆಸರಿಲ್ಲದ ಅಗ್ಗದ ಸಪ್ಲೈ ಕೈಗೆ ಬಂದರೆ ಅದರಲ್ಲೂ ಇದೇ ಗುಣಾಕಾರ ಮಾಡಿ, ಬಣ್ಣ ಬಯಲಾಗುತ್ತದೆ.

ಜೋಡಿಸುವಾಗ ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ಕಾರ್ಡಿನ ಕೇಬಲ್‌ಗೆ. ಇದು ಎಟಿಎಕ್ಸ್ 3.1 (ಪಿಸಿ ಸಪ್ಲೈಗಳ ಒಂದು ನಿಯಮಾವಳಿ) ಪ್ರಕಾರದ ಸಪ್ಲೈ, ಕಾರ್ಡಿಗೆ ಕರೆಂಟ್ ಕೊಡುವ 12ವಿ-2x6 ಕನೆಕ್ಟರ್ ಇದರ ಜೊತೆಗೇ ಬರುತ್ತದೆ, ಮೂರು ನಾಲ್ಕು ಕೇಬಲ್ ಸೇರಿಸುವ ಅಡಾಪ್ಟರ್ ಬೇಕಾಗಲ್ಲ. ಈ ಸಣ್ಣ ಕನೆಕ್ಟರಿನಲ್ಲಿ 600 ವ್ಯಾಟ್ ಹರಿಯಬಹುದು. ಅಂದರೆ 50 ಆಂಪಿಯರ್. ಅದು ಆರು ಪಿನ್‌ಗಳಲ್ಲಿ ಹಂಚಿಹೋಗುತ್ತದೆ, ಒಂದೊಂದಕ್ಕೆ ಎಂಟಕ್ಕಿಂತ ಜಾಸ್ತಿ ಆಂಪಿಯರ್. ಒಂದು ಪಿನ್ ಸರಿಯಾಗಿ ಕೂರದಿದ್ದರೆ ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ, ಆಗಲೇ ಪ್ಲಾಸ್ಟಿಕ್ ಕರಗುವುದು. ಹಳೆಯ 12ವಿಎಚ್‌ಪಿಡಬ್ಲ್ಯುಆರ್ ಕನೆಕ್ಟರ್ ಜಾಗಕ್ಕೆ ಬಂದ ಈ ಹೊಸದರಲ್ಲಿ ಸೆನ್ಸ್ ಪಿನ್‌ಗಳನ್ನು (ಕಾರ್ಡಿಗೆ ಸಂಕೇತ ಕೊಡುವ ಸಣ್ಣ ಪಿನ್‌ಗಳು) ಗಿಡ್ಡ ಮಾಡಿದ್ದಾರೆ. ಪ್ಲಗ್ ಪೂರ್ತಿ ಒಳಗೆ ಹೋಗದಿದ್ದರೆ ಕಾರ್ಡು ಕರೆಂಟ್ ಎಳೆಯಬಾರದು ಅನ್ನುವುದು ಅದರ ಉದ್ದೇಶ. ಆದರೂ ಅದನ್ನೇ ನಂಬಿ ಕೂರಬೇಡಿ. ಕಾರ್ಡನ್ನು ಮದರ್‌ಬೋರ್ಡಿಗೆ ಹಾಕಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಕೂದಲೆಳೆಯಷ್ಟೂ ಸಂದು ಕಾಣಬಾರದು. ಕನೆಕ್ಟರ್ ಬುಡದಲ್ಲೇ ಕೇಬಲ್ ಬಗ್ಗಿಸಬೇಡಿ, ಮೂರೂವರೆ ಸೆಂಟಿಮೀಟರ್ ನೇರ ಬಂದ ಮೇಲೆ ಬಗ್ಗಿಸಿ. ಇನ್ನೊಂದು ವಿಷಯ, ಹಳೆಯ ಸಪ್ಲೈಯ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಮನೆಯಲ್ಲಿದೆ ಅಂತ ಇದಕ್ಕೆ ಚುಚ್ಚಲೇಬೇಡಿ. ತೂತು ಹೊಂದಿಕೊಂಡರೂ ಒಳಗಿನ ವೈರ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಎಸ್‌ಎಸ್‌ಡಿ ಮದರ್‌ಬೋರ್ಡ್ ಎಲ್ಲಾ ಸುಟ್ಟು ಹೋಗಬಹುದು.

ಇನ್ನು ನಮ್ಮ ಕರೆಂಟಿನ ಕಥೆ. ಬೇಸಿಗೆಯಲ್ಲಿ ಹೋಗಿ ಬರುವುದು ಇದ್ದೇ ಇರುತ್ತದೆ. ಎಟಿಎಕ್ಸ್ 3.1 ನಿಯಮದ ಪ್ರಕಾರ ಕರೆಂಟ್ ಹೋದ ಮೇಲೂ ಸಪ್ಲೈ ಪೂರ್ತಿ ಲೋಡ್‌ನಲ್ಲಿ 12 ಮಿಲಿಸೆಕೆಂಡ್, 80% ಲೋಡ್‌ನಲ್ಲಿ 17 ಮಿಲಿಸೆಕೆಂಡ್ ತಡೆದು ನಿಲ್ಲಬೇಕು. ಮನೆಯ ಇನ್ವರ್ಟರ್ ಅಷ್ಟರೊಳಗೆ ಬದಲಾದರೆ ಮಾತ್ರ ಪಿಸಿ ಆಫ್ ಆಗಲ್ಲ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದರಲ್ಲೇ ಇಡಿ, ಇನ್ನೊಂದು ಮೋಡ್ ಫ್ಯಾನ್, ಲೈಟಿಗೆ ಸಾಕು, ಪಿಸಿಗೆ ನಿಧಾನ. ಆದರೆ ಸಾಮಾನ್ಯ ಮನೆ ಇನ್ವರ್ಟರ್ 840 ವ್ಯಾಟ್ ಪಿಸಿ ಜೊತೆಗೆ ಮನೆಯನ್ನೂ ಹೊರುವುದು ಕಷ್ಟ. ನಾವು ಪಿಸಿಗೆ ಬೇರೆಯೇ ಪ್ಯೂರ್ ಸೈನ್ ವೇವ್ (ಗೋಡೆಯ ಕರೆಂಟಿನ ಹಾಗೆಯೇ ನಯವಾದ ಅಲೆ ಕೊಡುವ) ಯುಪಿಎಸ್ ಇಟ್ಟಿದ್ದೇವೆ, ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು.

ಅರ್ಥಿಂಗ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೊದಲ ದಿನ ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ ಅಂತು. ಸಪ್ಲೈ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಟಿದ್ದ ಕಾಕಾನ ಮಗನನ್ನು ತಡೆದೆ. ಇಂಥ ಸಪ್ಲೈ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳು ಲೈನು, ನ್ಯೂಟ್ರಲ್ ಎರಡರಿಂದಲೂ ಬಾಡಿಗೆ ಜೋಡಿಸಿರುತ್ತವೆ. ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ಇಲ್ಲದಿದ್ದರೆ ಅವುಗಳ ಸಣ್ಣ ಲೀಕೇಜ್ ಹೋಗಲು ದಾರಿಯಿಲ್ಲದೆ ಬಾಡಿಯಲ್ಲೇ ಉಳಿಯುತ್ತದೆ. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದ. ಮೂರನೇ ತೂತಿನ ಹಿಂದೆ ವೈರೇ ಇರಲಿಲ್ಲ. ಅರ್ಥ್ ಎಳೆಸಿದ ಮೇಲೆ ಜುಮ್ ಅನ್ನುವುದು ನಿಂತಿತು. ಲಕ್ಷಗಟ್ಟಲೆ ಸುರಿದು ಪಿಸಿ ಮಾಡಿಸುವವರು ದಯವಿಟ್ಟು ಮೊದಲು ಈ ಕೆಲಸ ಮಾಡಿಸಿ.

ಧೂಳು ನಮ್ಮೂರಿಗೆ ಹೊಸದಲ್ಲ. ಸಪ್ಲೈ ಕ್ಯಾಬಿನೆಟ್ ತಳದಲ್ಲಿ ಕೂರುತ್ತದೆ, ಫ್ಯಾನ್ ಕೆಳಮುಖ. ಶಹಾಬಾದಿ ಕಲ್ಲಿನ ನೆಲದ ಮೇಲೆ ಕ್ಯಾಬಿನೆಟ್ ಇಟ್ಟರೆ ಗುಡಿಸಿದ್ದೆಲ್ಲಾ ಒಳಗೆ ಹೋಗುತ್ತದೆ. ನಾವು ಟೇಬಲ್ ಮೇಲೆ ಇಟ್ಟೆವು, ತಳದ ಜಾಳಿಗೆಯನ್ನು ಎಳೆದು ತೊಳೆದು ಒಣಗಿಸಿ ಹಾಕುತ್ತೇವೆ. ರೂಮಿನ ಏರ್ ಕೂಲರ್ ಗಾಳಿ ನೇರ ಪಿಸಿಗೆ ಬಡಿಯುವ ಹಾಗೆ ಇಡಬೇಡಿ. ರೂಮು ತಂಪಾಗಲಿ, ಆದರೆ ಬೋರ್‌ವೆಲ್ ನೀರಿನ ಹನಿ ಒಳಗೆ ಹೋದರೆ ಬೋರ್ಡಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ.

ಸದ್ದು? ಕಡಿಮೆ ಲೋಡ್ ಇದ್ದಾಗ ಇದರ ಫ್ಯಾನ್ ತಿರುಗುವುದೇ ಇಲ್ಲ. ರೆಂಡರ್ ಹಾಕಿದಾಗ ತಿರುಗುತ್ತದೆ, ಕೂಲರ್ ಸದ್ದಿನ ಮುಂದೆ ಕೇಳಿಸಲ್ಲ. ಮಧ್ಯಾಹ್ನದ ಸುಡು ಹೊತ್ತಿನಲ್ಲೂ ಪೂರ್ತಿ ಲೋಡ್‌ನಲ್ಲಿ ಈವರೆಗೆ ತಾನಾಗಿ ಬಂದ್ ಆಗಿಲ್ಲ. ಅಷ್ಟು ಸಾಕು ನನಗೆ.

ಹಾಗಂತ ಎಲ್ಲರಿಗೂ ಇದು ಬೇಡ. 5080 ಕಾರ್ಡ್ 360 ವ್ಯಾಟ್ ಮಾತ್ರ, ಅದಕ್ಕೆ 850 ಸಾಕು, 20% ಇಳಿದರೂ 680 ಉಳಿಯುತ್ತದೆ. 5070 ಟಿಐ ಇದ್ದರೆ 750 ಸಾಕು. ಸುಮ್ನೆ ದೊಡ್ಡದು ತಗೊಂಡರೆ ದುಡ್ಡು ದಂಡ. ಖರೀದಿಗೆ ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗುವವರು ನಮ್ಮ ಕಡೆ ಜಾಸ್ತಿ, ರೈಲಿಗೆ ಹೋಗಿ ಬರಬಹುದು. ಎಲ್ಲೇ ತಗೊಂಡರೂ ಜಿಎಸ್‌ಟಿ ಬಿಲ್ ಕೇಳಿ, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿ. ಹತ್ತು ವರ್ಷದ ವಾರಂಟಿ ಇದು, ಬಿಲ್ಲಿನ ಅಕ್ಷರ ಅಷ್ಟು ದಿನ ಉಳಿಯಲ್ಲ, ಅಂಗಡಿ ಬಿಡುವ ಮುಂಚೆಯೇ ಮೊಬೈಲ್‌ನಲ್ಲಿ ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ.